ಒಂದು ಮಗ್ಗುಲಿನ ಹಡಗು

"ಎಂಟೇ ಎಂಟು ದಿನ! ಅಷ್ಟರೊಳಗೆ ಮಾವನ ಹಡಗಿಗೆ ಮೈ ಕಟ್ಟಿ ನಿಲ್ಲಿಸದೆ ಹೋದರೆ ನನ್ನನ್ನು ಹೆಸರು ಹಿಡಿದು ಕರೀಬೇಡ" ಎಂದು ನಮ್ಮ ಅಳಿಯ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡು ಸಾರಿದ. ಮದುವೆಯಾದ ಹನ್ನೊಂದು ವರ್ಷದಲ್ಲಿ ಹೆಂಡತಿ ಅವನನ್ನು "ರೀ" ಎಂದಲ್ಲದೆ ಹೆಸರು ಹಿಡಿದು ಕರೆದವಳೇ ಅಲ್ಲ. ಹಾಗಾಗಿ ಈ ಘೋರ ಪ್ರತಿಜ್ಞೆಯಲ್ಲಿ ಅವನು ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ.

ಅವನನ್ನು ಅಳಿಯ ಎಂದೇ ಕರೆಯೋಣ. ಹೆಂಡತಿಯ ತಂದೆ ಒಂದೇ ಸೂರಿನಡಿ ಇರುವಾಗ ಗಂಡಸಿಗೆ ಅದಕ್ಕಿಂತ ದೊಡ್ಡ ಪದವಿ ಸಿಗುವುದಿಲ್ಲ. ಕಚೇರಿಯಲ್ಲಿ ಅವನು ದಾಖಲೆ ಕೋಣೆಯ ಗುಮಾಸ್ತ. ಒಂದು ಫೈಲನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಮುಗಿಸಿ, ದಾರ ಕಟ್ಟಿ, ಕಪಾಟಿಗೆ ಸೇರಿಸಿದ ಮೇಲೆಯೇ ಇನ್ನೊಂದು ಫೈಲಿನ ದಾರ ಬಿಚ್ಚುವವನು. ಎರಡು ದೋಣಿಯಲ್ಲಿ ಕಾಲಿಟ್ಟವನು ನೀರಿಗೆ ಬೀಳುತ್ತಾನೆ ಎಂಬ ಗಾದೆಯನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಮೇಜಿನ ಮುಂದೆ ಅಂಟಿಸಿಕೊಂಡಿದ್ದ. ಈ ಒಂದು ಗುಣದಿಂದ ಅವನಿಗೆ ಕಚೇರಿಯಲ್ಲಿ ಒಳ್ಳೆಯ ಹೆಸರಿತ್ತು. ಅದೇ ಗುಣ ಮನೆಯಲ್ಲಿ ಅವನ ಮಾನ ಕಳೆಯಿತು.

ಮಾವ ದರ್ಜಿ. ನಲವತ್ತು ವರ್ಷ ಒಂದೇ ಅಂಗಡಿಯಲ್ಲಿ, ಒಂದೇ ಕಿಟಕಿಯ ಪಕ್ಕ ಕೂತು ಹೊಲಿಗೆ ಯಂತ್ರ ತುಳಿದವರು. ಕಿಟಕಿಯಾಚೆ ಹಡಗುಕಟ್ಟೆ. ಬರುವ ಹೋಗುವ ಹಡಗುಗಳನ್ನೆಲ್ಲ ನೋಡಿದ್ದರು, ಒಂದನ್ನೂ ಹತ್ತಿರಲಿಲ್ಲ. ಯಾವಾಗ ನೋಡಿದರೂ ಯಾರದೋ ಪ್ಯಾಂಟು ಸಾಯಂಕಾಲಕ್ಕೆ ಕೊಡುವುದು ಬಾಕಿ ಇರುತ್ತಿತ್ತು. ಅಂಗಡಿ ಮುಚ್ಚಿ ಮಗಳ ಮನೆಗೆ ಬಂದಾಗ ಮಗಳು ಒಂದು ಪೆಟ್ಟಿಗೆ ತಂದುಕೊಟ್ಟಳು. ಒಳಗೆ ಮರದ ತುಂಡುಗಳಿಂದ ಕಟ್ಟುವ ಮೊಳದುದ್ದದ ಹಡಗು. ಮಾವ ಅದಕ್ಕೆ ಬೆನ್ನುಮೂಳೆ ಇಟ್ಟರು. ಹದಿನೆಂಟು ಪಕ್ಕೆಲುಬು ನಿಲ್ಲಿಸಿದರು. ಒಂದೊಂದನ್ನೂ ಉಪ್ಪುಕಾಗದದಲ್ಲಿ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಸರಿಯಿಲ್ಲ ಎಂದು ಮತ್ತೆ ಉಜ್ಜಿದರು. ಇದಕ್ಕೇ ಹದಿನಾಲ್ಕು ತಿಂಗಳಾಯಿತು. ಇನ್ನುಳಿದದ್ದು ಮೈ. ತೆಳ್ಳನೆಯ ಉದ್ದನೆಯ ಮರದ ಪಟ್ಟಿಗಳನ್ನು ಪಕ್ಕೆಲುಬುಗಳ ಮೇಲೆ ಒಂದರ ಕೆಳಗೊಂದು ಅಂಟಿಸುತ್ತ ಬರಬೇಕು. ಅಲ್ಲಿಗೆ ಬಂದು ಮಾವ ನಿಂತುಬಿಟ್ಟರು. ಹಡಗಿನ ಮೇಲೆ ಹಳೆಯ ಬಟ್ಟೆಯೊಂದನ್ನು ಹೊದಿಸಿ ಕಪಾಟಿನ ಮೇಲಿಟ್ಟರು. ವರ್ಷವಾದರೂ ಅದು ಕೆಳಗಿಳಿಯಲಿಲ್ಲ. ಕೇಳಿದರೆ, ಆಗುತ್ತೆ ಬಿಡಿ, ಅವಸರ ಏನು ಎನ್ನುತ್ತಿದ್ದರು.

ಅಷ್ಟರಲ್ಲಿ ಮಾವನ ಬಲಗಣ್ಣಿಗೆ ಆಪರೇಷನ್ ಆಯಿತು. ಎಡಗಣ್ಣಿಗೆ ಮೊದಲಿನಿಂದಲೂ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣದು. ಬಲಗಣ್ಣಿಗೆ ಎಂಟು ದಿನ ಬ್ಯಾಂಡೇಜು, ಒಂಬತ್ತನೆಯ ದಿನ ಬಿಚ್ಚುವುದು. ಆಸ್ಪತ್ರೆಗೆ ಹೊರಡುವಾಗ ಮಾವ ಹೇಳಿದ್ದು ಒಂದೇ ಮಾತು: "ಹಡಗಿನ ಮೇಲಿನ ಬಟ್ಟೆ ಯಾರೂ ತೆಗೀಬೇಡಿ." ಆಸ್ಪತ್ರೆಯಿಂದ ಬರುವಾಗ ಕಣ್ಣಿನ ಡಾಕ್ಟರು ಮೂರು ಮಾತು ಹೇಳಿದರು. ಬಗ್ಗಬಾರದು. ಕಣ್ಣಿಗೆ ನೀರು ತಾಗಬಾರದು. ಯಾವ ಕಾರಣಕ್ಕೂ ಅಳಬಾರದು. ಮೂರನೆಯದನ್ನು ಹೇಳುವಾಗ ಅವರು ಅಳಿಯನ ಮುಖವನ್ನೇ ಏಕೆ ನೋಡಿದರೋ ಗೊತ್ತಿಲ್ಲ.

ಅಂದಿನಿಂದ ಮನೆಯಲ್ಲಿ ಈರುಳ್ಳಿ ಹೆಚ್ಚುವುದು ನಿಂತಿತು. ರೇಡಿಯೋದಲ್ಲಿ ದುಃಖದ ಹಾಡು ಬಂದರೆ ಹೆಂಡತಿ ಒಲೆಯ ಮೇಲಿನ ಹಾಲನ್ನೂ ಬಿಟ್ಟು ಓಡಿ ಬಂದು ಗುಂಡಿ ತಿರುಗಿಸುತ್ತಿದ್ದಳು. ಅವಳು ಶಾಲೆಯಲ್ಲಿ ಗಣಿತದ ಟೀಚರು. ಪರೀಕ್ಷೆಯ ಸಮಯವಾದ್ದರಿಂದ ರಜೆ ಸಿಗಲಿಲ್ಲ. ಅಳಿಯನೇ ರಜೆ ಹಾಕಿ ಮನೆಯಲ್ಲಿ ನಿಂತ. ಮಾವನಿಗೆ ಊಟ ಬಡಿಸುವುದು, ಕೈ ಹಿಡಿದು ನಡೆಸುವುದು, ಬ್ಯಾಂಡೇಜಿಲ್ಲದ ಎಡಗಣ್ಣಿಗೆ ನಾಲ್ಕು ಗಂಟೆಗೊಮ್ಮೆ ಔಷಧಿಯ ಹನಿ ಬಿಡುವುದು, ಇಷ್ಟೇ ಕೆಲಸ. ಉಳಿದ ಹೊತ್ತು ಕಣ್ಣು ಕಪಾಟಿನ ಮೇಲೆ ಹೋಯಿತು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ಇವನಂತೂ ಬಡಗಿಯೂ ಅಲ್ಲ.

ಆದರೂ ಅಳಿಯನಿಗೆ ಒಂದು ಆಸೆಯಿತ್ತು, ಅದನ್ನು ಹೇಳಿಯೇಬಿಡುತ್ತೇನೆ. ಹನ್ನೊಂದು ವರ್ಷದಲ್ಲಿ ಮಾವ ಅವನಿಗೆ ಇಪ್ಪತ್ತು ಪ್ಯಾಂಟು ಹೊಲಿದುಕೊಟ್ಟಿದ್ದರು, ಒಂದೇ ಒಂದು ಸಲವೂ ಭೇಷ್ ಎಂದಿರಲಿಲ್ಲ. ಅಳತೆ ಟೇಪು ಹಿಡಿದಾಗಲೆಲ್ಲ, ನೆಟ್ಟಗೆ ನಿಂತ್ಕೊಳ್ಳಿ ಅಳಿಯಂದ್ರೇ ಎನ್ನುವರು. ನೆಟ್ಟಗೆ ನಿಂತರೆ, ಇಷ್ಟೇನಾ ಎನ್ನುವರು. ಬ್ಯಾಂಡೇಜು ಬಿಚ್ಚಿದ ಕೂಡಲೇ ಮೈ ತುಂಬಿಕೊಂಡ ಹಡಗು ಕಣ್ಣ ಮುಂದೆ ನಿಂತಿರಬೇಕು, ಯಾರು ಮಾಡಿದ್ದು ಎಂದು ಮಾವ ಕೇಳಬೇಕು, ಅಳಿಯ ತಲೆ ತಗ್ಗಿಸಿ ಸುಮ್ಮನೆ ನಗಬೇಕು. ಈ ದೃಶ್ಯವನ್ನು ಅವನು ಮನಸ್ಸಿನಲ್ಲೇ ನಾಲ್ಕು ಸಲ ಅಭಿನಯಿಸಿಯೂ ಆಗಿತ್ತು.

"ಅಪ್ಪ ಬಟ್ಟೆ ತೆಗೀಬೇಡಿ ಅಂದಿದ್ದಾರೆ ರೀ" ಎಂದಳು ಹೆಂಡತಿ.

"ತೆಗೀಬೇಡಿ ಅಂದ್ರೆ ಧೂಳು ಕೂತ್ಕೊಳ್ಳುತ್ತೆ ಅಂತ ಅರ್ಥ ಕಣೇ."

"ನೀವು ಹೋದ ವರ್ಷ ಗೋಡೆಗೆ ಒಂದು ಮೊಳೆ ಹೊಡೆದ್ರಿ. ಆ ಗೋಡೆ ಈಗ ಕ್ಯಾಲೆಂಡರ್ ಹಿಂದೆ ಅಡಗಿದೆ."

ಗೋಡೆ ಸರಿಯಿರಲಿಲ್ಲ ಎಂದು ಅಳಿಯ ವಾದಿಸಿದ. ಹೆಂಡತಿ ಗಂಟೆ ನೋಡಿಕೊಂಡು, ಅಪ್ಪನ ಕಣ್ಣಲ್ಲಿ ಒಂದು ಹನಿ ನೀರು ಬಂದರೆ ನಾನು ನಿಮ್ಮ ಜೊತೆ ಮಾತಾಡುವುದಿಲ್ಲ ಎಂದು ಹೇಳಿ ಶಾಲೆಗೆ ನಡೆದಳು. ಅಳಿಯ ಬಾಗಿಲು ಹಾಕಿ ಬಂದು ಬಟ್ಟೆ ತೆಗೆದ.

ಪೆಟ್ಟಿಗೆಯಲ್ಲಿದ್ದ ಪುಸ್ತಕ ಯಾವುದೋ ದೇಶದ ಭಾಷೆಯಲ್ಲಿತ್ತು. ಚಿತ್ರಗಳು ಮಾತ್ರ ಸ್ಪಷ್ಟ. ಪಟ್ಟಿಯನ್ನು ನೀರಲ್ಲಿ ನೆನೆಸು, ಬಿಸಿ ಕೊಟ್ಟು ಬಗ್ಗಿಸು, ಅಂಟು ಹಚ್ಚು, ಒಣಗುವ ತನಕ ಕ್ಲಿಪ್ಪು ಹಾಕಿಡು. ಎಲ್ಲ ಚಿತ್ರಗಳಲ್ಲೂ ಹಡಗಿನ ಬಲಗಡೆಯೇ ಕಾಣುತ್ತಿತ್ತು. ಚಿತ್ರದಲ್ಲಿ ಹಡಗನ್ನು ಎರಡೂ ಕಡೆಯಿಂದ ತೋರಿಸಲು ಬರುವುದಿಲ್ಲ ಎಂಬುದು ಯಾರಿಗಾದರೂ ಹೊಳೆಯುತ್ತಿತ್ತು. ಅಳಿಯನಿಗೆ ಹೊಳೆದದ್ದೇ ಬೇರೆ: ನೋಡು, ಇವರೂ ನನ್ನಂತೆಯೇ, ಮೊದಲು ಒಂದು ಮಗ್ಗುಲು ಪೂರ್ತಿ ಮುಗಿಸಿ ಆಮೇಲೆ ಇನ್ನೊಂದಕ್ಕೆ ಕೈ ಹಾಕುತ್ತಾರೆ! ಬಲಗಡೆಯ ಫೈಲು ಮುಗಿಯದೆ ಎಡಗಡೆಯ ದಾರ ಬಿಚ್ಚುವಂತಿಲ್ಲ. ತನ್ನ ಕಚೇರಿಯ ಶಿಸ್ತು ಪರದೇಶದಲ್ಲೂ ನಡೆಯುತ್ತಿದೆಯಲ್ಲ ಎಂದು ಅವನಿಗೆ ಹೆಮ್ಮೆಯಾಯಿತು.

ಮೊದಲ ಪಟ್ಟಿಯನ್ನು ನೆನೆಸಲು ಅಷ್ಟುದ್ದದ ಪಾತ್ರೆ ಮನೆಯಲ್ಲಿರಲಿಲ್ಲ. ಬಕೆಟ್ಟಿನಲ್ಲಿ ನಿಲ್ಲಿಸಿದರೆ ಅರ್ಧ ನೆನೆಯಿತು, ಅರ್ಧ ಒಣಗಿಯೇ ನಿಂತಿತು. ಕಿಟಕಿಯಲ್ಲಿದ್ದ ಉದ್ದನೆಯ ಹೂವಿನ ತೊಟ್ಟಿ ಕಣ್ಣಿಗೆ ಬಿತ್ತು. ಹೂಗಿಡಗಳು ತಾತ್ಕಾಲಿಕವಾಗಿ ಅಡುಗೆಮನೆಯ ಸಿಂಕಿಗೆ ವರ್ಗವಾದವು. ಬಗ್ಗಿಸಲು ಇಸ್ತ್ರಿ ಪೆಟ್ಟಿಗೆ ಬಂತು. ಒದ್ದೆ ಪಟ್ಟಿಯನ್ನು ಬಿಸಿ ಇಸ್ತ್ರಿಯ ಮೂತಿಗೆ ಒತ್ತಿ ಹಿಡಿದರೆ ಅದು ಸುಯ್ ಎಂದು ಹೇಳಿದ ಮಾತು ಕೇಳುತ್ತಿತ್ತು. ಮರದ ರಸ ಇಸ್ತ್ರಿಯ ತಳಕ್ಕೆ ಹತ್ತಿತು. ಅದು ಮರುದಿನ ಬೆಳಗ್ಗೆ ಹೆಂಡತಿಯ ಬಿಳಿ ಕುಪ್ಪಸಕ್ಕೆ ಇಳಿಯಿತು. ಆ ಸಂಗತಿಯನ್ನು ಇಲ್ಲಿ ವಿವರಿಸುವುದು ಬೇಡ.

ಕ್ಲಿಪ್ಪಿಗೆ ಬಟ್ಟೆ ಒಣಹಾಕುವ ಹಗ್ಗವೇ ಗತಿ. ಮೂವತ್ತಾರು ಕ್ಲಿಪ್ಪು ಸಿಕ್ಕವು. ಅವನ್ನು ಕಳಚಿದಾಗ ಅವು ಬಟ್ಟೆಗಳನ್ನು ಹಿಡಿದುಕೊಂಡಿದ್ದವು ಎಂಬ ಅಂಶ ಅಳಿಯನ ಗಮನಕ್ಕೆ ಬರಲಿಲ್ಲ. ಗಾಳಿಯ ಗಮನಕ್ಕೆ ಬಂತು. ಮಾವನ ಎರಡು ಪೈಜಾಮ, ಒಂದು ಹೊದಿಕೆ ಮೂರನೆಯ ಮಹಡಿಯಿಂದ ಬೀದಿಗೆ ಇಳಿದು ನಿಂತಿದ್ದ ಕಾರೊಂದರ ಗಾಜಿನ ಮೇಲೆ ಹಾಯಾಗಿ ಮಲಗಿದವು. ಅವನ್ನು ತರಲು ಓಡಿ ಹೋಗಿ ಓಡಿ ಬಂದಾಗ ನೆನೆಸಿಟ್ಟ ಪಟ್ಟಿ ಬೇಕಾದ್ದಕ್ಕಿಂತ ಹೆಚ್ಚು ನೆನೆದಿತ್ತು.

ಎರಡನೆಯ ದಿನಕ್ಕೆ ಕ್ಲಿಪ್ಪು ಸಾಲದೆ ಹೋಯಿತು. ಹೆಂಡತಿಯ ತಲೆಕೂದಲ ಪಿನ್ನು, ಕಾಗದದ ಕ್ಲಿಪ್ಪು ಎಲ್ಲ ಮುಗಿದು ಕೊನೆಯ ಪಟ್ಟಿಯನ್ನು ಕೈಯಲ್ಲೇ ಒತ್ತಿ ಹಿಡಿದು ಕೂರಬೇಕಾಯಿತು. ಹತ್ತು ನಿಮಿಷ ಬಿಡುವಂತಿಲ್ಲ. ಅಷ್ಟರಲ್ಲಿ ಅಲಾರಾಂ ಹೊಡೆಯಿತು. ಮಾವನ ಕಣ್ಣಿನ ಹನಿಯ ಸಮಯ! ಬಿಟ್ಟರೆ ಪಟ್ಟಿ ಏಳುತ್ತದೆ, ಹೋಗದಿದ್ದರೆ ಕಣ್ಣು ಕೆಡುತ್ತದೆ. ಕೊನೆಗೆ ಅಳಿಯ ಹಡಗನ್ನೇ ಎಡಗೈಯಲ್ಲಿ ಕಂಕುಳಿಗೆ ಅವಚಿಕೊಂಡು, ಬಲಗೈಯಲ್ಲಿ ಹನಿಯ ಸೀಸೆ ಹಿಡಿದು ಮಾವನ ಕೋಣೆಗೆ ಹೋದ. ಸೀಸೆಯ ಮೂತಿ ನೋಡಿ ತಡೆದು ನಿಂತ. ಅಂಟಿನ ಸೀಸೆಯೂ ಇಷ್ಟೇ ಗಾತ್ರ, ಇದೇ ಬಿಳಿ ಬಣ್ಣ. ಮೂರು ಸಲ ಹೆಸರು ಓದಿದ. ನಾಲ್ಕನೆಯ ಸಲ ಮೂಸಿ ನೋಡಿದ.

"ರೆಪ್ಪೆ ನೀವೇ ಹಿಡ್ಕೊಳ್ಳಿ ಮಾವ."

"ದಿನಾ ನೀವೇ ಹಿಡೀತಿದ್ರಿ. ಇನ್ನೊಂದು ಕೈಗೆ ಏನಾಯ್ತು?"

ಉಳುಕಿದೆ ಎಂದ ಅಳಿಯ. ಮಾವ ರೆಪ್ಪೆ ಹಿಡಿದುಕೊಂಡು, ಅಂಟಿನ ವಾಸನೆ ಬರುತ್ತಿದೆಯಲ್ಲ ಎಂದರು. ಕುರ್ಚಿಯ ಕಾಲು ಮುರಿದಿತ್ತು, ಅಂಟಿಸುತ್ತಿದ್ದೆ ಎಂದು ಬಾಯಿಗೆ ಬಂದದ್ದನ್ನು ಹೇಳಿದ. ಒಂದು ಸುಳ್ಳಿಗೆ ಮರುದಿನ ಇನ್ನೊಂದು ಕುರ್ಚಿ ಬೇಕಾಯಿತು. ಅದರ ಮರುದಿನ ಸ್ಟೂಲು. ಐದನೆಯ ದಿನದ ಹೊತ್ತಿಗೆ ಮಾವನ ಲೆಕ್ಕದಲ್ಲಿ ಆ ಮನೆಯಲ್ಲಿ ಕೂರುವುದಕ್ಕೆ ಒಂದು ಆಸನವೂ ಉಳಿದಿರಲಿಲ್ಲ. ಅವರು ಮೆತ್ತಗೆ ಮಂಚದ ಅಂಚು ತಡವಿ ನೋಡಿಕೊಂಡು ಕೂರತೊಡಗಿದರು.

ಐದನೆಯ ದಿನ ಸಾಯಂಕಾಲ ಬಲ ಮಗ್ಗುಲು ಮುಗಿಯಿತು! ಮೇಲಿನ ಅಂಚಿನಿಂದ ಬೆನ್ನುಮೂಳೆಯ ತನಕ ಇಪ್ಪತ್ತೆರಡು ಪಟ್ಟಿ, ಒಂದಕ್ಕೊಂದು ಒತ್ತಿಕೊಂಡು, ಸಂದಿನಲ್ಲಿ ಕೂದಲೂ ತೂರದ ಹಾಗೆ. ನಿಜ ಹೇಳಬೇಕೆಂದರೆ ಕೆಲಸ ಚೆನ್ನಾಗಿಯೇ ಇತ್ತು. ಶಾಲೆಯಿಂದ ಬಂದ ಹೆಂಡತಿ ಚೀಲ ಕೆಳಗಿಡದೆ ನಿಂತು ನೋಡಿದಳು. ಇಸ್ತ್ರಿ, ಕುಪ್ಪಸ, ಹೂಗಿಡ ಎಲ್ಲ ಮರೆತು, "ಪರವಾಗಿಲ್ವೇ" ಎಂದಳು. ಅಳಿಯ ಆ ದಿನ ಎರಡು ತುತ್ತು ಹೆಚ್ಚು ಊಟ ಮಾಡಿ ಮಲಗಿದ.

ಆರನೆಯ ದಿನ ಬೆಳಗ್ಗೆ ಎದ್ದು ನೋಡುತ್ತಾನೆ, ಹಡಗು ಬಲಕ್ಕೆ ತಿರುಗಿಕೊಂಡಿದೆ.

ಯಾರೋ ಮೇಜನ್ನು ಸರಿಸಿರಬೇಕು ಎಂದುಕೊಂಡ. ಹಡಗನ್ನು ನೇರ ಮಾಡಿ ಇಟ್ಟ. ಮೂತಿ ನೇರವಾಯಿತು, ಹಿಂಭಾಗ ಸೊಟ್ಟಗಾಯಿತು. ಹಿಂಭಾಗ ನೇರ ಮಾಡಿದ, ಮೂತಿ ಸೊಟ್ಟಗಾಯಿತು. ಮೇಲಿನಿಂದ ಬಗ್ಗಿ ನೋಡಿದ. ಬೆನ್ನುಮೂಳೆ ಬಾಳೆಹಣ್ಣಿನ ಹಾಗೆ ಬಾಗಿತ್ತು. ನೆನೆಸಿ ಅಂಟಿಸಿದ ಇಪ್ಪತ್ತೆರಡು ಪಟ್ಟಿಗಳೂ ಒಣಗುತ್ತ ಒಣಗುತ್ತ ಬಿಗಿದುಕೊಂಡು ಹಡಗನ್ನು ತಮ್ಮ ಕಡೆಗೆ ಎಳೆದುಕೊಂಡಿದ್ದವು. ಎಡಗಡೆ ಹಿಡಿದುಕೊಳ್ಳಲು ಒಂದು ಪಟ್ಟಿಯೂ ಇಲ್ಲ. ಬಲಕ್ಕೊಂದು ಎಡಕ್ಕೊಂದು, ಬಲಕ್ಕೊಂದು ಎಡಕ್ಕೊಂದು ಅಂಟಿಸುತ್ತ ಬಂದಿದ್ದರೆ ಎರಡೂ ಕಡೆಯ ಎಳೆತ ಸಮವಾಗಿ ಹಡಗು ನೆಟ್ಟಗೆ ನಿಲ್ಲುತ್ತಿತ್ತು. ಇದನ್ನು ಕಂಡುಹಿಡಿಯಲು ಅಳಿಯನಿಗೆ ಅರ್ಧ ಗಂಟೆ ಹಿಡಿಯಿತು. ಹೆಂಡತಿಗೆ ಅರ್ಧ ನಿಮಿಷ ಸಾಕಾಯಿತು.

"ಒಂದೇ ಕಡೆ ಎಳೆದ್ರೆ ಬಾಗದೆ ಏನಾಗುತ್ತೆ ರೀ?" ಎಂದು ಸ್ಕೇಲು ತಂದು ಅಳೆದಳು. "ಎರಡೂವರೆ ಸೆಂಟಿಮೀಟರ್."

"ಜಾಸ್ತಿನಾ?"

"ಮೊಳದುದ್ದದ ಹಡಗಿಗೆ? ಇದು ಹೊರಟ ಜಾಗಕ್ಕೇ ಸುತ್ತಿ ಬರುತ್ತೆ."

ಹೇಳುವಾಗ ಅವಳಿಗೆ ನಗು ಬರಲಿಲ್ಲ. ಹದಿನಾಲ್ಕು ತಿಂಗಳು ಅಪ್ಪ ಆ ಬೆನ್ನುಮೂಳೆಯನ್ನು ದಾರ ಹಿಡಿದು ನೇರ ಮಾಡಿದ್ದನ್ನು ಅವಳು ಕಂಡಿದ್ದಳು. ಅದು ಕಣ್ಣಿಗೆ ಬಿದ್ದರೆ ಅಪ್ಪ ಏನು ಮಾಡುತ್ತಾರೆ ಎಂದು ನೆನೆದು ಅವಳಿಗೇ ಕಣ್ಣು ತುಂಬಿತು. ಈ ಮನೆಯಲ್ಲಿ ಅಳು ನಿಷಿದ್ಧ ಎಂದು ನೆನಪಾಗಿ ಸೆರಗಿನಲ್ಲಿ ಒರೆಸಿಕೊಂಡು, ಇನ್ನು ಮೂರು ದಿನ ಇದೆ, ಏನಾದರೂ ಮಾಡಿ ಎಂದಳು.

ಅಳಿಯ ಏನಾದರೂ ಮಾಡಿದ. ಅದೇ ತಪ್ಪಾಯಿತು. ಹಡಗಿನ ಮೂತಿಗೂ ಹಿಂಭಾಗಕ್ಕೂ ದಾರ ಕಟ್ಟಿ ಕಿಟಕಿಯ ಸರಳಿಗೆ ಬಿಗಿದು, ನಡುವಿಗೆ ಹೆಂಡತಿಯ ಗಣಿತದ ಪುಸ್ತಕಗಳ ಭಾರ ಒತ್ತರಿಸಿ ಇಟ್ಟ. ಮಧ್ಯಾಹ್ನ ಟಪ್ ಎಂದು ಸದ್ದಾಯಿತು. ಒಂಬತ್ತನೆಯ ಪಕ್ಕೆಲುಬು ಬಿರುಕು ಬಿಟ್ಟಿತ್ತು. ಅದಕ್ಕೆ ಅಂಟು ಹಾಕಿ, ಎಡಗಡೆಯಿಂದ ಒಂದು ಪಟ್ಟಿ ಅಂಟಿಸಿ ಎಳೆದುನೋಡೋಣವೆಂದು ಬಲವಾಗಿ ಬಗ್ಗಿಸಿ ಹಿಡಿದ. ಕೈ ಜಾರಿತು. ಪಟ್ಟಿ ಬಿಲ್ಲಿನಿಂದ ಬಿಟ್ಟ ಬಾಣದಂತೆ ಹಾರಿ, ತೆರೆದ ಬಾಗಿಲಿನಿಂದ ಮಾವನ ಕೋಣೆ ಹೊಕ್ಕು, ಗೋಡೆಗೆ ಬಡಿದು, ಅವರ ಮಡಿಲಲ್ಲೇ ಬಿತ್ತು. ಮಾವ ಅದನ್ನು ಎತ್ತಿಕೊಂಡರು. ಉದ್ದ ನೋಡಿದರು, ಅಗಲ ನೋಡಿದರು, ಎರಡು ಬೆರಳ ನಡುವೆ ಎಳೆದು ದಪ್ಪ ನೋಡಿದರು. ಇದು ಯಾವ ಕುರ್ಚಿಯ ಕಾಲು ಎಂದು ಕೇಳುತ್ತಾರೆ ಎಂದು ಅಳಿಯ ಕಾದ. ಅವರು ಕೇಳಲಿಲ್ಲ. ಪಟ್ಟಿಯನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡು ಗೋಡೆಯ ಕಡೆ ತಿರುಗಿ ಕೂತರು. ಕೇಳಿದ್ದರೇ ವಾಸಿಯಿತ್ತು.

ಆ ಸಾಯಂಕಾಲ ಮಾವ ಸರಿಯಾಗಿ ಊಟ ಮಾಡಲಿಲ್ಲ. ಏಳನೆಯ ದಿನ ಬೆಳಗ್ಗೆ ಹಾಲನ್ನೂ ಬಿಟ್ಟರು. ಕೇಳಿದರೆ ಹಸಿವಿಲ್ಲ ಎಂದರು. ಹೆಂಡತಿ ಶಾಲೆಗೆ ಹೋಗದೆ ನಿಂತಳು. ಸಾಯಂಕಾಲ ಮಾವ ಇಬ್ಬರನ್ನೂ ಕರೆದರು.

"ಕುರ್ಚಿಗಳೆಲ್ಲ ರಿಪೇರಿ ಆಗಿರ್ಬೇಕು" ಎಂದರು. "ಇನ್ನು ಹಡಗು ತನ್ನಿ. ಕಣ್ಣಿಲ್ಲದಿದ್ರೂ ಬೆರಳಿವೆ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ತರದೆ ವಿಧಿಯಿರಲಿಲ್ಲ. ಪಡಸಾಲೆಗೆ ಬಂದ ಅಳಿಯನ ತಲೆಯಲ್ಲಿ ಆಗ ಒಂದು ಉಪಾಯ ಹುಟ್ಟಿತು. ಮಾವನಿಗೆ ಕಾಣುವುದಿಲ್ಲ. ಚೆನ್ನಾಗಿರುವ ಬಲ ಮಗ್ಗುಲನ್ನು ಮಾತ್ರ ಮುಟ್ಟಿಸುವುದು. ಇನ್ನೊಂದು ಮಗ್ಗುಲು ಕೇಳಿದರೆ ಹಡಗನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಅದೇ ಮಗ್ಗುಲನ್ನು ಮತ್ತೆ ಮುಟ್ಟಿಸುವುದು! ಹೆಂಡತಿ ಬೇಡ ಎಂದು ಕಣ್ಣಲ್ಲೇ ಹೇಳಿದಳು. ಅಳಿಯ ಅವಳ ಕಣ್ಣನ್ನು ನೋಡದೆ ಒಳಗೆ ನಡೆದ.

ಹಡಗನ್ನು ಮಾವನ ಮಡಿಲಲ್ಲಿಟ್ಟು ತಾನೇ ಎರಡೂ ತುದಿ ಹಿಡಿದುಕೊಂಡ. ಅಂಟು ಇನ್ನೂ ಹಸಿ, ನಡುವೆ ಮಾತ್ರ ಮುಟ್ಟಿ ಎಂದ. ಮಾವನ ಬೆರಳು ಮೇಲಿನ ಪಟ್ಟಿಯಿಂದ ಕೆಳಗಿಳಿಯಿತು. ಸಂದು ಬಂದಲ್ಲೆಲ್ಲ ಒಂದು ಕ್ಷಣ ನಿಂತು ಮುಂದೆ ಹೋಯಿತು. ಇಪ್ಪತ್ತೆರಡು ಪಟ್ಟಿಯನ್ನೂ ಮುಟ್ಟಿದರು. ಮುಖದಲ್ಲಿ ಸಂತೋಷವಿರಲಿಲ್ಲ, ಆದರೂ ಬಾಯಿ ತೆರೆದು, "ಭೇಷ್" ಎಂದರು.

ಹನ್ನೊಂದು ವರ್ಷದ ಭೇಷ್! ಅಳಿಯನಿಗೆ ಅದನ್ನು ಸವಿಯಲು ಪುರಸೊತ್ತಿರಲಿಲ್ಲ. ಮಾವ ಆಗಲೇ ಕೈ ಚಾಚಿ, "ಇನ್ನೊಂದು ಕಡೆ?" ಎಂದಿದ್ದರು. ಅಳಿಯ ಹಡಗನ್ನು ಮೇಲೆತ್ತಿದ. ತಿರುಗಿಸಿದ ಸದ್ದು ಕೇಳಲೆಂದು ಬೇಕೆಂದೇ ಅಂಗಿಯ ತೋಳು ಸರಬರ ಮಾಡಿದ. ಒಂದು ಸುತ್ತು ಬರಿಸಿ ಅದೇ ಮಗ್ಗುಲನ್ನು ಮತ್ತೆ ಎದುರಿಗಿಟ್ಟ.

ಬೆರಳು ಈ ಸಲ ಕೆಳಗಿಳಿಯಲಿಲ್ಲ. ಅಡ್ಡಕ್ಕೆ ಹೋಯಿತು. ಎಡದಿಂದ ಬಲಕ್ಕೆ ಸರಿದು, ಅಳಿಯನ ಕೈಯನ್ನು ಮೆಲ್ಲಗೆ ಬದಿಗೊತ್ತಿ, ಹಡಗಿನ ಚೂಪು ಮೂತಿಯ ಮೇಲೆ ನಿಂತಿತು. ಹೆಂಡತಿ ಅಪ್ಪನ ಕಣ್ಣೀರಿಗೆಂದು ಹತ್ತಿಯ ಉಂಡೆ ಕೈಯಲ್ಲಿ ಹಿಡಿದು ಸಿದ್ಧಳಾಗಿದ್ದಳು.

"ಅಳಿಯಂದ್ರೇ, ಆಗ್ಲೂ ಮೂತಿ ನನ್ನ ಬಲಗೈ ಕಡೆ ಇತ್ತು. ಈಗ್ಲೂ ಬಲಗೈ ಕಡೆನೇ ಇದೆ."

ಅಳಿಯ ಹಡಗನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಳ್ಳಲು ನೋಡಿದ. ಮಾವ ಬಿಡಲಿಲ್ಲ.

"ಒಂದು ಅಂಗಿಗೆ ಎರಡೂ ಬಲಗೈ ತೋಳೇ ಹೊಲಿದುಬಿಟ್ರಾ?"

ಇನ್ನು ಹೇಳುವುದೇನಿತ್ತು? ಅಳಿಯ ಹಡಗಿನಿಂದ ಕೈ ತೆಗೆದು ನೆಲದ ಮೇಲೆ ಕೂತುಬಿಟ್ಟ. ಬಟ್ಟೆ ತೆಗೆದದ್ದರಿಂದ ಪಕ್ಕೆಲುಬು ಬಿರುಕು ಬಿಟ್ಟ ತನಕ ಎಲ್ಲವನ್ನೂ ಹೇಳಿದ. ಕಟ್ಟಕಡೆಗೆ, ನೀವು ನನಗೆ ಏನು ಬೇಕಾದರೂ ಅನ್ನಿ, ಅಳಬೇಡಿ ಮಾವ ಎಂದು ಕೇಳಿಕೊಂಡ. ಆಗ ಅವನ ದನಿಯೇ ಒಡೆದುಹೋಯಿತು. ಹೆಂಡತಿ ಹತ್ತಿಯ ಉಂಡೆಯನ್ನು ಗಂಡನ ಕೈಗೆ ಕೊಟ್ಟಳು.

ಮಾವ ಹಡಗನ್ನು ತಾವೇ ತಿರುಗಿಸಿ ಎಡ ಮಗ್ಗುಲಿನ ಬರಿಯ ಎಲುಬುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. ಹದಿನೆಂಟೂ ಇದ್ದವು. ಬೆನ್ನುಮೂಳೆಯ ಮೇಲೆ ಅಂಗೈ ಆಡಿಸಿ ಬಾಗು ಎಷ್ಟಿದೆಯೆಂದು ನೋಡಿದರು. ಎಡಗಡೆ ಒಂದು ಪಟ್ಟಿಯೂ ಇಲ್ಲವೇ ಎಂದು ಕೇಳಿದರು. ಇಲ್ಲ ಎಂದ ಅಳಿಯ. ಖಂಡಿತ ಇಲ್ಲವೇ ಎಂದು ಮತ್ತೆ ಕೇಳಿದರು. ಒಂದೂ ಇಲ್ಲ ಎಂದ. ಮಾವ ನಿಟ್ಟುಸಿರು ಬಿಟ್ಟು, ಮಗಳೇ, ಹಸಿವಾಗ್ತಿದೆ ಎಂದರು.

ಮರುದಿನ ಬೆಳಗ್ಗೆ ಬಿಚ್ಚುವ ಕೆಲಸ ಶುರುವಾಯಿತು. ಮಾವ ಮಂಚದ ಮೇಲೆ ಕೂತು ಹೇಳುವರು, ಅಳಿಯ ನೆಲದ ಮೇಲೆ ಕೂತು ಮಾಡುವನು. ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿಡಿ. ಅಂಟು ಸಡಿಲವಾಗುವ ತನಕ ಕಾಯಿರಿ. ಬ್ಲೇಡಿನ ತುದಿ ಸಂದಿಗೆ ಕೊಡಿ. ಎಳೀಬೇಡಿ, ಅದಾಗಿಯೇ ಬರಲಿ. ಹೊಲಿಗೆ ಬಿಚ್ಚುವವನಿಗೆ ಹೊಲಿಯುವವನಿಗಿಂತ ತಾಳ್ಮೆ ಬೇಕು ಎಂದು ಅವರು ಹೇಳಿದ್ದನ್ನು ಅಳಿಯ ತಲೆ ತಗ್ಗಿಸಿ ಕೇಳಿದ. ಐದು ದಿನದಲ್ಲಿ ಏರಿದ ಪಟ್ಟಿಗಳು ಐದು ಗಂಟೆಯಲ್ಲಿ ಇಳಿದವು. ಕೊನೆಯದು ಬಂದಾಗ ಬೆನ್ನುಮೂಳೆ ಕಣ್ಣೆದುರೇ ಮೆಲ್ಲಗೆ ಸಡಿಲಿಸಿಕೊಂಡು, ನೆಟ್ಟಗಾಗಿ, ಕೂದಲೆಳೆಯಷ್ಟು ಬಾಗು ಉಳಿಸಿಕೊಂಡು ನಿಂತಿತು. ಎಡಗಡೆ ಒಂದು ಪಟ್ಟಿ ಬಿದ್ದರೆ ಅದೂ ಸರಿಹೋಗುತ್ತದೆ ಎಂದು ಮಾವ ತಡವಿ ನೋಡಿ ಹೇಳಿದರು.

ಹೆಂಡತಿ ಸುಮ್ಮನಿರಲಾರದೆ ಕೇಳಿದಳು. "ಅಪ್ಪ, ನಿನ್ನೆ ಮೊನ್ನೆ ಊಟ ಬಿಟ್ಟಿದ್ರಿ. ಹಡಗು ಹಾಳಾಗಿದೆ ಅಂತ ಗೊತ್ತಾದ ಮೇಲೆ ಎರಡು ತಟ್ಟೆ ಊಟ ಮಾಡಿದ್ರಿ. ಏನಿದು?"

ಮಾವ ಹಡಗಿನ ಮೂತಿ ಸವರಿದರು.

"ಹೋದ ವರ್ಷ ಮೊದಲನೇ ಪಟ್ಟಿ ಕೈಗೆ ತಗೊಂಡೆ ಮಗಳೇ. ಪಟ್ಟಿ ಎಲ್ಲಿ ಮುಗಿಯುತ್ತೆ, ಪಕ್ಕೆ ಎಲ್ಲಿ ಶುರುವಾಗುತ್ತೆ, ಕಾಣ್ಲಿಲ್ಲ. ಟೈಲರ್‌ಗೆ ಗೆರೆ ಕಾಣ್ಲಿಲ್ಲ ಅಂದ್ರೆ ಯಾರ ಹತ್ರ ಹೇಳೋದು? ನಾಚಿಕೆಯಾಯ್ತು. ಬಟ್ಟೆ ಮುಚ್ಚಿಟ್ಟೆ. ಆಪರೇಷನ್ ಅಂದ್ರೆ ನನಗೆ ಪ್ರಾಣಭಯ. ಆದ್ರೂ ಆ ಮೈ ನನ್ನ ಕೈಯಲ್ಲೇ ಆಗ್ಬೇಕು ಅನ್ನೋ ಒಂದೇ ಆಸೆಗೆ ಹೋಗಿ ಮಲಗಿದೆ. ಆಮೇಲೆ ಮನೇಲಿ ಅಂಟಿನ ವಾಸನೆ ಶುರುವಾಯ್ತು. ಮೊನ್ನೆ ಪಟ್ಟಿ ಬಂದು ಮಡಿಲಿಗೇ ಬಿತ್ತು. ಮುಗಿಸೇಬಿಟ್ರಲ್ಲಪ್ಪಾ ಅಂತ ಕೈಕಾಲೇ ಆಡ್ಲಿಲ್ಲ. ನಾನು ಈ ಕಣ್ಣು ತಗೊಂಡು ಇನ್ನೇನು ಮಾಡ್ಲಿ ಅನ್ನಿಸ್ತು."

ಅಳಿಯ ಬ್ಲೇಡು ಕೆಳಗಿಟ್ಟ. ಈ ಎಂಟು ದಿನದಲ್ಲಿ ಅವನಿಗೆ ನೂರು ಭಯ ಬಂದಿದ್ದವು, ಇದೊಂದು ಬಂದಿರಲಿಲ್ಲ. ತಪ್ಪಾಯ್ತು ಮಾವ ಎಂದ. ಹೇಳಿದ್ದು ಅವನ ಕಿವಿಗೇ ಸರಿಯಾಗಿ ಕೇಳಿಸಲಿಲ್ಲ.

ಮಾವ ಕೈ ಚಾಚಿ, ಹುಡುಕಿ, ಅವನ ಭುಜ ಸಿಕ್ಕಿದ ಮೇಲೆ ತಟ್ಟಿದರು.

"ಬಿಡಿ ಅಳಿಯಂದ್ರೇ. ನಾಳೆ ಕಣ್ಣು ಬಿಟ್ಟಾಗ ಹಡಗು ಚೆನ್ನಾಗಿ ಮುಗಿದು ನಿಂತಿದ್ದಿದ್ರೆ, ಡಾಕ್ಟ್ರು ಏನಂದ್ರೂ ಸರಿ, ನಾನು ಅತ್ತೇಬಿಡ್ತಿದ್ದೆ. ದೇವರು ದೊಡ್ಡವನು, ನಿಮಗೆ ಈ ಕೆಲಸ ಬರೋದಿಲ್ಲ."